ಇಲ್ಲದ ಮಸೂದೆಯ ಬಗ್ಗೆ ಬರೆದವರಿಗೆ

ಪ್ರಿಯರೇ,

‘ರಕ್ಷಣಾ ವೆಚ್ಚದ ಮಸೂದೆ ಕಾಯ್ದೆಯಾಗುವ ಬಗೆ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಪ್ರಕಟಿಸಲಾರೆ. ನೀವು ಇದನ್ನು ಮತ್ತೆ ಬರೆಯಬೇಕೆಂಬ ಆಸೆ ನನಗಿದೆ, ಹಾಗಾಗಿ ಕಾರಣಗಳನ್ನು ಬಿಚ್ಚಿಯೇ ಹೇಳುತ್ತೇನೆ.

ತೊಡಕು ಶೀರ್ಷಿಕೆಯಲ್ಲೇ ಇದೆ. ರಕ್ಷಣಾ ವೆಚ್ಚಕ್ಕೆಂದೇ ಪ್ರತಿವರ್ಷ ಬೇರೆ ಮಸೂದೆ ತರುವುದು ಅಮೆರಿಕದ ಕ್ರಮ. ಅಲ್ಲಿ ಅಧ್ಯಕ್ಷರು ಅದನ್ನು ತಿರಸ್ಕರಿಸಲೂಬಹುದು. 2020ರ ಡಿಸೆಂಬರ್‌ನಲ್ಲಿ ಟ್ರಂಪ್ ತಿರಸ್ಕರಿಸಿದರು. 2021ರ ಜನವರಿ 1ರಂದು ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಅವರನ್ನು ಮೀರಿ ಅದನ್ನು ಕಾಯ್ದೆ ಮಾಡಿತು. ನೀವು ಆ ಚಿತ್ರವನ್ನೇ ತಂದು ದೆಹಲಿಗೆ ಅಂಟಿಸಿದ್ದೀರಿ. ನಮ್ಮಲ್ಲಿ ಎಲ್ಲ ಸಚಿವಾಲಯಗಳ ಹಣವೂ ಒಂದೇ ಧನವಿನಿಯೋಗ ಮಸೂದೆಯಲ್ಲಿ, ಅಂದರೆ ಖಜಾನೆಯಿಂದ ಹಣ ತೆಗೆಯಲು ಒಪ್ಪಿಗೆ ಕೊಡುವ ಮಸೂದೆಯಲ್ಲಿ, ಹೋಗುತ್ತದೆ. ಅದು ಧನ ಮಸೂದೆ, ಎಂದರೆ ಸರ್ಕಾರದ ಹಣಕಾಸಿಗಷ್ಟೇ ಸಂಬಂಧಿಸಿದ್ದು. ರಾಷ್ಟ್ರಪತಿಗಳು ಮರುಪರಿಶೀಲನೆಗೆ ಹಿಂದಿರುಗಿಸಬಹುದು ಎಂದಿದ್ದೀರಿ. ಸಂವಿಧಾನದ 111ನೇ ವಿಧಿ ಅದಕ್ಕೆ ಅವಕಾಶ ಕೊಡುವುದಿಲ್ಲ. ರಾಜ್ಯಸಭೆಯೂ ತಡೆಯಲಾರದು. 14 ದಿನಗಳೊಳಗೆ ಮರಳಿಸಬೇಕು, ಅದರ ಶಿಫಾರಸನ್ನು ಒಪ್ಪುವುದು ಬಿಡುವುದು ಲೋಕಸಭೆಯ ಇಷ್ಟ.

ವೀರಯೋಧರನ್ನು ಕುರಿತ ಮೊದಲ ಎರಡು ಪ್ಯಾರಾಗಳನ್ನು ತೆಗೆಯಿರಿ. ಭಾವನೆ ಸುಳ್ಳಲ್ಲ, ಆದರೆ ಅಲ್ಲಿ ನಿಮ್ಮ ಸ್ವಂತ ಮಾತು ಒಂದೂ ಇಲ್ಲ.

‘ಬಳಿಕ ಲೋಕಸಭೆ ಕೂಲಂಕಷವಾಗಿ ಚರ್ಚಿಸುತ್ತದೆ’ ಎಂಬ ಒಂದು ಸಾಲಿನಲ್ಲಿ ನೀವು ದಾಟಿಹೋದ ಜಾಗದಲ್ಲೇ ವಿಷಯದ ಜೀವ ಇರುವುದು. 2025-26ರ ರಕ್ಷಣಾ ವೆಚ್ಚದ 6.81 ಲಕ್ಷ ಕೋಟಿ ರೂಪಾಯಿ ನಾಲ್ಕು ಅನುದಾನ ಬೇಡಿಕೆಗಳಾಗಿ (ಸದನದ ಒಪ್ಪಿಗೆಗಾಗಿ ಸಚಿವಾಲಯ ಕೇಳುವ ಹಣದ ಪಟ್ಟಿಗಳಾಗಿ) ಸದನಕ್ಕೆ ಬಂತು: ಸಿವಿಲ್ (ಸೇನಾಪಡೆಗಳ ಹೊರಗಿನ ಖರ್ಚು), ಪಡೆಗಳ ದಿನನಿತ್ಯದ ಖರ್ಚು, ಬಂಡವಾಳ ವೆಚ್ಚ, ಪಿಂಚಣಿ. ಪಿಂಚಣಿಯೊಂದೇ 1.60 ಲಕ್ಷ ಕೋಟಿ ದಾಟುತ್ತದೆ. ಚರ್ಚೆಗೆ ಸಿಗುವುದು ಕೆಲವೇ ಸಚಿವಾಲಯಗಳು. ಉಳಿದವನ್ನು ಕೊನೆಯ ದಿನ ಒಟ್ಟಿಗೆ ಮತಕ್ಕೆ ಹಾಕುತ್ತಾರೆ, ಅದಕ್ಕೆ ಗಿಲೋಟಿನ್ ಎನ್ನುತ್ತಾರೆ. 2018ರಲ್ಲೂ 2023ರಲ್ಲೂ ಲೋಕಸಭೆಯಲ್ಲಿ ಒಂದೇ ಒಂದು ಸಚಿವಾಲಯದ ಬೇಡಿಕೆಯೂ ಚರ್ಚೆಯಾಗಲಿಲ್ಲ. ಇದನ್ನು ಓದುಗರಿಗೆ ಹೇಳದೆ ‘ಕೂಲಂಕಷ’ ಎಂದು ಬರೆದರೆ ಅವರಿಗೆ ಅನ್ಯಾಯ ಮಾಡಿದಂತೆ. ಲೆಕ್ಕವನ್ನು ಕೂತು ಕೆದಕುವುದು ಎರಡೂ ಸದನಗಳ 31 ಸದಸ್ಯರ ರಕ್ಷಣಾ ಸ್ಥಾಯಿ ಸಮಿತಿ. ಅದರ ವರದಿಗಳು ಯಾರಿಗೆ ಬೇಕಾದರೂ ಸಿಗುತ್ತವೆ. ಒಂದನ್ನಾದರೂ ತೆರೆದು ನೋಡಿ.

ಇನ್ನು, ಲೇಖನಕ್ಕಿಂತ ನನಗೆ ಹಿಡಿಸಿದ್ದು ಅದರ ಜೊತೆಗಿದ್ದ ಪತ್ರ. ತಂದೆಯವರು ಮಲ್ಪೆಯ ಆಳಸಮುದ್ರ ಮೀನುಗಾರಿಕೆ ಬೋಟಿನ ತಾಂಡೇಲರು (ಬೋಟು ನಡೆಸುವ ಮುಖ್ಯಸ್ಥರು), ನಡುಗಡಲಲ್ಲಿ ಕೋಸ್ಟ್ ಗಾರ್ಡ್ ಹಡಗು ಪಕ್ಕಕ್ಕೆ ಬಂದಾಗ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಕಾಗದಗಳನ್ನು ಎತ್ತಿ ತೋರಿಸುತ್ತಾರೆ ಎಂದು ಬರೆದಿದ್ದೀರಿ. ಆ ಚೀಲದಿಂದ ಶುರುಮಾಡಿ! ಆ ಹಡಗಿನ ಡೀಸೆಲ್‌ಗೆ ಹಣ ಎಲ್ಲಿಂದ ಬರುತ್ತದೆ ಎಂದು ಹುಡುಕಿ. ಕೋಸ್ಟ್ ಗಾರ್ಡ್‌ನ ಲೆಕ್ಕ ನೌಕಾಪಡೆಯ ಜೊತೆಗಿಲ್ಲ, ‘ಸಿವಿಲ್’ ಎಂಬ ಬೇಡಿಕೆಯೊಳಗಿದೆ. 2025-26ಕ್ಕೆ 9,676 ಕೋಟಿ. ಒಂದು ಎಚ್ಚರಿಕೆ: ಮಲ್ಪೆಯಲ್ಲಿ ಕಚೇರಿ ಇರುವ ಕರಾವಳಿ ಕಾವಲು ಪೊಲೀಸರು ರಾಜ್ಯ ಸರ್ಕಾರದವರು, ಅವರ ಹಣ ಒಪ್ಪಿಗೆ ಪಡೆಯುವುದು ವಿಧಾನಸಭೆಯಲ್ಲಿ. ಮೂರನೇ ಪುಟದಲ್ಲಿ ಇಬ್ಬರನ್ನೂ ಒಂದೇ ಮಾಡಿದ್ದೀರಿ.

ಭಾಷೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ‘ಅನುಮೋದನಾ ಪ್ರಕ್ರಿಯೆಗೆ ಒಳಪಡಿಸಲ್ಪಡುತ್ತದೆ’ ಎಂದು ನಿಮ್ಮ ಮನೆಯಲ್ಲಿ ಯಾರೂ ಮಾತನಾಡುವುದಿಲ್ಲ. ‘ಒಪ್ಪಿಗೆ ಪಡೆಯುತ್ತದೆ’ ಸಾಕು.

ಅವಸರವಿಲ್ಲ. ಜೂನ್ 1ರಿಂದ ಎರಡು ತಿಂಗಳು ಬೋಟುಗಳು ದಡದಲ್ಲಿರುತ್ತವೆ, ತಂದೆಯವರಿಗೂ ಬಿಡುವಿರುತ್ತದೆ. ಪಕ್ಕದಲ್ಲಿ ಕೂತು, ಆ ಚೀಲದಲ್ಲಿ ಯಾವ ಯಾವ ಕಾಗದಗಳಿವೆ ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳಿ. ಆಗಸ್ಟ್‌ನಲ್ಲಿ ಕಳುಹಿಸಿ, ಕಾಯುತ್ತಿರುತ್ತೇನೆ.

ಸಂಪಾದಕ, ಉಡುಪಿ