ತೆರೆಯ ಮೇಲೆ ಬೋಲ್ಡ್ ಆಗಿ ನಟಿಸಿದರೆ ನಟಿಗೆ ಮಾತ್ರ ಯಾಕೆ ಕೆಟ್ಟ ಹೆಸರು?

ನೀವು ಎರಡು ವಿಷಯ ಕೇಳಿದ್ದೀರಿ. ಒಂದೇ ದೃಶ್ಯದಲ್ಲಿ ನಟ, ನಟಿ ಇಬ್ಬರೂ ಇದ್ದರೂ ಬೈಗುಳ ನಟಿಗೆ ಮಾತ್ರ ಯಾಕೆ, ಈಗಲಾದರೂ ಅದು ಬದಲಾಗಿದೆಯಾ ಅಂತ. ಮೊದಲನೆಯದಕ್ಕೆ ನನಗೆ ಅನ್ನಿಸುವುದು ಇಷ್ಟು: ನಮಗೆ ಆ ದೃಶ್ಯ ಬೇಕು, ಅದನ್ನು ನೋಡಿದ ಮುಜುಗರ ಬೇಡ. ಆ ಮುಜುಗರವನ್ನು ಯಾರದ್ದಾದರೂ ತಲೆಗೆ ಕಟ್ಟಬೇಕು. ಹೀರೋ ತಲೆಗೆ ಕಟ್ಟುವ ಹಾಗಿಲ್ಲ, ಅವನ ಕಟೌಟ್‌ಗೆ ಮುಂದಿನ ವರ್ಷವೂ ಹಾರ ಹಾಕಬೇಕಲ್ವಾ. ಹಾಗಾಗಿ ಸಿಗುವವಳು ನಟಿ.

2003ರಲ್ಲಿ 'ಖ್ವಾಹಿಶ್' ಅಂತ ಒಂದು ಹಿಂದಿ ಸಿನಿಮಾ ಬಂತು. ಅದರಲ್ಲಿ 17 ಮುತ್ತುಗಳಿವೆ ಅನ್ನುವುದೇ ದೊಡ್ಡ ಸುದ್ದಿ. ಅದರ ನಾಯಕಿ ಮಲ್ಲಿಕಾ ಶೆರಾವತ್ ಹೆಸರಿನ ಜೊತೆ ಆ 17 ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತು ಅಂದರೆ, ಇಪ್ಪತ್ತು ವರ್ಷ ಕಳೆದರೂ ಜನ ಅದನ್ನೇ ನೆನಪಿಸುತ್ತಾರೆ. ಆದರೆ ಆ 17ರಲ್ಲೂ ಎದುರಿಗೆ ಒಬ್ಬ ನಟ ಇದ್ದ. ಹಿಮಾಂಶು ಮಲಿಕ್ ಅಂತ. ಆತನ ಹೆಸರು ಎಷ್ಟು ಜನಕ್ಕೆ ಗೊತ್ತು? ಆತನನ್ನು ಕೂರಿಸಿಕೊಂಡು ನಿಮ್ಮ ಮನೆಯವರು ಏನಂದರು ಅಂತ ಯಾರಾದರೂ ಕೇಳಿದರಾ?

ಮರುವರ್ಷ 'ಮರ್ಡರ್' ಬಂತು. ದೊಡ್ಡ ಹಿಟ್. ಅದರಲ್ಲಿ ಮಲ್ಲಿಕಾ ಜೊತೆ ಇದ್ದವನು ಇಮ್ರಾನ್ ಹಶ್ಮಿ. ಅವನಿಗೆ 'ಸೀರಿಯಲ್ ಕಿಸ್ಸರ್' ಅಂತ ಹೆಸರು ಬಿತ್ತು. ಹುಡುಗರು ಅದನ್ನು ಬಿರುದಿನ ಥರ ಹೇಳುತ್ತಿದ್ದರು. ಆಮೇಲೆ ಅವನಿಗೆ ಗ್ಯಾಂಗ್‌ಸ್ಟರ್ ಪಾತ್ರ ಸಿಕ್ಕಿತು, 'ಶಾಂಘೈ'ನಂಥ ಗಂಭೀರ ರಾಜಕೀಯ ಸಿನಿಮಾ ಸಿಕ್ಕಿತು, 2023ರಲ್ಲಿ 'ಟೈಗರ್ 3'ಗೆ ಖಳನಾಯಕನಾದ. ಒಳ್ಳೆಯ ನಟ, ಸಿಗಲಿ, ಸಂತೋಷ. ಮಲ್ಲಿಕಾ 2006ರ 'ಪ್ಯಾರ್ ಕೆ ಸೈಡ್ ಎಫೆಕ್ಟ್ಸ್'ನಲ್ಲಿ ಹಾಸ್ಯ ಎಷ್ಟು ಚೆನ್ನಾಗಿ ಮಾಡಿದ್ದಾರೆ ನೋಡಿ. ಆದರೂ ಅಂಥ ಪಾತ್ರಗಳು ಸಾಲಾಗಿ ಬರಲಿಲ್ಲ. 2018ರಲ್ಲಿ ಅವರೇ ಹೇಳಿಕೊಂಡರು: ತೆರೆ ಮೇಲೆ ಇಷ್ಟೆಲ್ಲ ಮಾಡುತ್ತೀಯ, ನನ್ನ ಜೊತೆ ಖಾಸಗಿಯಾಗಿ ಮಾಡೋಕೆ ಏನು ಕಷ್ಟ ಅಂತ ಕೆಲವು ನಾಯಕ ನಟರು ಕೇಳುತ್ತಿದ್ದರು, ಒಪ್ಪದೇ ಇದ್ದಿದ್ದಕ್ಕೆ ಸಿನಿಮಾಗಳೇ ಕೈತಪ್ಪಿದವು ಅಂತ. ನನ್ನನ್ನು ಕೇಳಿದರೆ ಟ್ರೋಲ್, ಬೈಗುಳ ಎಲ್ಲದಕ್ಕಿಂತ ಇದು ದೊಡ್ಡ ವಿಷಯ. ಕೆಟ್ಟ ಹೆಸರು ಬರೀ ಹೆಸರಾಗಿ ಉಳಿಯಲ್ಲ. ಇವಳನ್ನು ಏನು ಬೇಕಾದರೂ ಕೇಳಬಹುದು ಅನ್ನುವ ಧೈರ್ಯವನ್ನು ಅದು ಗಂಡಸರಿಗೆ ಕೊಡುತ್ತದೆ. ಕೇಳಿದವನ ಅನ್ನಕ್ಕೆ ಏನೂ ಆಗಲ್ಲ, ಬೇಡ ಅಂದವಳ ಅನ್ನ ಹೋಗುತ್ತದೆ.

ಇದು ಹಿಂದಿಯವರ ಕಥೆ ಅಂತ ನಾವು ಸುಮ್ಮನಿರುವ ಹಾಗಿಲ್ಲ. ಸಿಲ್ಕ್ ಸ್ಮಿತಾ ನಮ್ಮವರಿಗೂ ಚೆನ್ನಾಗಿ ಗೊತ್ತು, 'ಹಳ್ಳಿಮೇಷ್ಟ್ರು' ಯಾರು ನೋಡಿಲ್ಲ ಹೇಳಿ. ಅವರ ಮೊದಲ ಹೆಸರು ವಿಜಯಲಕ್ಷ್ಮಿ, ಆಂಧ್ರದ ಏಲೂರಿನ ಕಡೆಯ ಬಡ ಮನೆಯ ಹುಡುಗಿ. ಮದ್ರಾಸಿಗೆ ಬಂದಾಗ ನಟಿಯರ ಮೇಕಪ್‌ಗೆ ಟಚ್ ಅಪ್ ಮಾಡುವ ಕೆಲಸದಲ್ಲಿದ್ದರು. 1980ರ 'ವಂಡಿಚಕ್ಕರಂ' ಅನ್ನೋ ತಮಿಳು ಸಿನಿಮಾದ ಪಾತ್ರದ ಹೆಸರು ಸಿಲ್ಕ್, ಅದೇ ಅವರ ಹೆಸರಾಯಿತು. ಮರುವರ್ಷವೇ ಭಾರತಿರಾಜಾ ಅವರ 'ಅಲೈಗಳ್ ಓಯ್ವದಿಲ್ಲೈ'ಯಲ್ಲಿ ಗಂಡನಿಗೆ ಹೆದರುವ ಹೆಂಡತಿಯಾಗಿ ನಟಿಸಿದರು. ಮೈತುಂಬ ಸೀರೆ, ಮಾತು ಕಡಿಮೆ, ಎಲ್ಲ ಕಣ್ಣಲ್ಲೇ. ಅದನ್ನು ನೋಡಿದ ಮೇಲೂ ಅಂಥ ಇನ್ನೊಂದಿಷ್ಟು ಪಾತ್ರ ಕೊಡಬೇಕು ಅಂತ ಯಾರಿಗೂ ಅನ್ನಿಸಲಿಲ್ಲ ಅನ್ನುವುದು ನನಗೆ ಇವತ್ತಿಗೂ ಹೊಟ್ಟೆ ಉರಿಯುವ ವಿಷಯ. ಡಬ್ಬಾದಲ್ಲೇ ಕೂತಿದ್ದ ಸಿನಿಮಾ ಮಾರಾಟ ಆಗಬೇಕಾದರೆ ಅವರದ್ದೊಂದು ಕುಣಿತ ಸೇರಿಸುತ್ತಿದ್ದರು. ಅಂದರೆ ನಿರ್ಮಾಪಕ, ವಿತರಕ, ಥಿಯೇಟರಿನವನು ಎಲ್ಲರ ಮನೆಯ ಒಲೆ ಉರಿದಿದ್ದು ಅವರಿಂದ. 1996ರ ಸೆಪ್ಟೆಂಬರ್‌ನಲ್ಲಿ ಅವರು ಸತ್ತಾಗ ಇನ್ನೂ 35 ವರ್ಷ. ಹದಿನೈದು ವರ್ಷ ಆದಮೇಲೆ ಅವರ ಬದುಕಿನಿಂದ ಪ್ರೇರಿತವಾದ 'ದಿ ಡರ್ಟಿ ಪಿಕ್ಚರ್' ಬಂತು. ಆ ಪಾತ್ರ ಮಾಡಿದ ವಿದ್ಯಾ ಬಾಲನ್‌ಗೆ ರಾಷ್ಟ್ರಪ್ರಶಸ್ತಿಯೂ ಬಂತು. ವಿದ್ಯಾ ಅದಕ್ಕೆ ಅರ್ಹರೇ. ಆದರೂ ಮನಸ್ಸಿಗೆ ಕಸಿವಿಸಿ ಆಗುತ್ತದೆ.

ಹಾಗಂತ ನಮ್ಮ ಪ್ರೇಕ್ಷಕರಿಗೆ ಬೋಲ್ಡ್ ನಟಿಯನ್ನು ಗೌರವಿಸೋಕೆ ಬರಲ್ಲ ಅಂತಲೂ ಅಲ್ಲ. 1965ರಲ್ಲೇ 'ಮಿಸ್ ಲೀಲಾವತಿ'ಯಲ್ಲಿ ಜಯಂತಿ ಈಜುಡುಗೆ ಹಾಕಿದ್ದರು. ಕನ್ನಡ ಸಿನಿಮಾದಲ್ಲಿ ಆಗ ಅದು ಸಣ್ಣ ಮಾತಲ್ಲ. ಅದೇ ಜಯಂತಿಯನ್ನು ನಾವು ಅಭಿನಯ ಶಾರದೆ ಅಂತ ಕರೆದೆವು. ವ್ಯತ್ಯಾಸ ಎಲ್ಲಿದೆ ಅಂದರೆ, ಜಯಂತಿಗೆ ಅದಾದ ಮೇಲೂ ಹೆಂಡತಿ, ತಾಯಿ, ರಾಣಿ, 'ಎಡಕಲ್ಲು ಗುಡ್ಡದ ಮೇಲೆ'ಯ ಮಾಧವಿ ಎಲ್ಲವೂ ಸಿಕ್ಕಿತು. ಜನರಿಗೆ ಅವರ ಹತ್ತು ಮುಖ ನೋಡುವ ಅವಕಾಶ ಆಯಿತು. ಸಿಲ್ಕ್‌ಗೆ ಒಂದೇ ಮುಖ ಕೊಟ್ಟು, ಅದೊಂದೇ ಇರೋದು ಅಂತ ಆಮೇಲೆ ದೂರಿದರು.

ಇನ್ನು ಸನ್ನಿ ಲಿಯೋನ್. 2015ರಲ್ಲಿ ನಮ್ಮ ಕನ್ನಡದ 'ಡಿಕೆ', 'ಲವ್ ಯು ಆಲಿಯಾ' ಎರಡರಲ್ಲೂ ಅವರು ಕುಣಿದ ಹಾಡಿತ್ತು. ನಮ್ಮೂರಿನ ಗಣೇಶನ ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಮೇಲೆ ಸ್ಪೀಕರ್ ಇಟ್ಟು ಆ 'ಡಿಕೆ' ಹಾಡನ್ನು ಎಷ್ಟು ಸಲ ಹಾಕಿದರೋ. ಹುಡುಗರು ಶರ್ಟ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡು ಕುಣಿದರು, ದೊಡ್ಡವರು ಚಿಕ್ಕ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಿದರು. ಯಾರ ಸಂಸ್ಕೃತಿಗೂ ಏನೂ ಆಗಲಿಲ್ಲ. 2017ರ ಕೊನೆಗೆ ಅದೇ ಸನ್ನಿ ಹೊಸ ವರ್ಷದ ಕಾರ್ಯಕ್ರಮಕ್ಕೆ ಬೆಂಗಳೂರಿಗೆ ಬರುತ್ತಾರೆ ಅಂದಾಗ ಪ್ರತಿಭಟನೆ ಶುರುವಾಯಿತು. ಸಾಮೂಹಿಕ ಆತ್ಮಹತ್ಯೆ ಮಾಡಿಕೊಳ್ಳುತ್ತೇವೆ ಅನ್ನುವವರೆಗೂ ಹೋಯಿತು. ಸರ್ಕಾರ ಅನುಮತಿ ಕೊಡಲಿಲ್ಲ. ಮೆರವಣಿಗೆಯಲ್ಲಿ ಕುಣಿದ ಹುಡುಗರಲ್ಲೇ ಒಬ್ಬಿಬ್ಬರು ಪ್ರತಿಭಟನೆಯ ಪರವಾಗಿ ವಾಟ್ಸಾಪ್ ಸ್ಟೇಟಸ್ ಹಾಕಿದ್ದನ್ನು ನಾನೇ ನೋಡಿದ್ದೇನೆ. ಅದೇ ವರ್ಷ ಆಗಸ್ಟ್‌ನಲ್ಲಿ ಅವರು ಕೊಚ್ಚಿಗೆ ಒಂದು ಮೊಬೈಲ್ ಅಂಗಡಿಯ ಉದ್ಘಾಟನೆಗೆ ಹೋದಾಗ ಇಡೀ ರಸ್ತೆ ಜನರಿಂದ ತುಂಬಿಹೋಗಿತ್ತು.

ದುಡ್ಡಿಗೋಸ್ಕರ ಅವರೇ ಒಪ್ಪಿ ಮಾಡಿದ್ದು ತಾನೇ, ಅನುಭವಿಸಲಿ ಅಂತ ಕೆಲವರು ಹೇಳುತ್ತಾರೆ. ದುಡ್ಡಿಗೋಸ್ಕರ ಸೆಟ್‌ನಲ್ಲಿ ಎಲ್ಲರೂ ಕೆಲಸ ಮಾಡುತ್ತಾರೆ ಸ್ವಾಮಿ. ಕ್ಯಾಮೆರಾ ಎಲ್ಲಿ ನಿಲ್ಲಬೇಕು ಅಂತ ಹೇಳಿದ ನಿರ್ದೇಶಕ, ಸಾಹಿತ್ಯ ಬರೆದವನು, ಹಾಡು ಸಾಲದು ಇನ್ನೊಂದು ಹಾಕಿ ಅಂದ ನಿರ್ಮಾಪಕ, ಎಲ್ಲರೂ. ಹೆಣ್ಣನ್ನು ಬರೀ ಮೈ ಅಂತ ತೋರಿಸುವ ಹಾಡುಗಳು ನನಗೂ ಇಷ್ಟವಿಲ್ಲ. ಅದನ್ನು ಬೈಯೋಣ. ಆದರೆ ಬೈಯುವಾಗ ಕುಣಿದವಳ ಹೆಸರೊಂದೇ ಯಾಕೆ ಬರಬೇಕು?

ಈಗ ನಿಮ್ಮ ಎರಡನೇ ಪ್ರಶ್ನೆ. ಸ್ವಲ್ಪ ಬದಲಾಗಿದೆ, ಮುಖ್ಯವಾಗಿ ಸೆಟ್‌ನಲ್ಲಿ. 2022ರ 'ಗೆಹರಾಯಿಯಾಂ'ನಲ್ಲಿ ಇಂಥ ದೃಶ್ಯಗಳಿಗೆ ಅಂತಲೇ ಒಬ್ಬರು ನಿರ್ದೇಶಕಿ ಇದ್ದರು. ಕಲಾವಿದರ ಒಪ್ಪಿಗೆ ಎಷ್ಟು, ಮುಜುಗರ ಎಲ್ಲಿ ಅಂತೆಲ್ಲ ಮೊದಲೇ ಮಾತಾಡಿಕೊಳ್ಳುವುದು ಅವರ ಕೆಲಸ. ಮಲ್ಲಿಕಾ ಕಾಲದಲ್ಲಿ ಇಂಥದ್ದೆಲ್ಲ ಇರಲಿಲ್ಲ. ಹೊರಗಡೆ ಮಾತ್ರ ಹಳೇ ರಾಗ. ಆ ಸಿನಿಮಾ ಬಂದಾಗ ದೀಪಿಕಾ ಪಡುಕೋಣೆಗೆ ಜನ ಕೇಳಿದ್ದು, ಇದಕ್ಕೆಲ್ಲ ಗಂಡನ ಅನುಮತಿ ತಗೊಂಡಿದ್ದೀರಾ ಅಂತ. ಇಂಥದ್ದಕ್ಕೆ ಪ್ರತಿಕ್ರಿಯೆ ಕೊಡೋದೇ ಮೂರ್ಖತನ ಅಂತ ಅವರು ಹೇಳಿದ್ದು ಸರಿಯಾಗೇ ಇತ್ತು. ಅದೇ ವರ್ಷ ಆ ಗಂಡ ರಣವೀರ್ ಸಿಂಗ್ ಬಟ್ಟೆಯೇ ಇಲ್ಲದೆ ಒಂದು ಪತ್ರಿಕೆಗೆ ಫೋಟೋ ತೆಗೆಸಿಕೊಂಡರು. ಮುಂಬೈಯಲ್ಲಿ ಅವರ ಮೇಲೆ ಎಫ್‌ಐಆರ್ ಕೂಡ ಆಯಿತು, ಅದನ್ನು ಮುಚ್ಚಿಡಲ್ಲ. ಆದರೆ ಹೆಂಡತಿಯ ಅನುಮತಿ ತಗೊಂಡಿದ್ದೀರಾ ಅಂತ ಅವರನ್ನು ಯಾರೂ ಗದರಿಸಿದ್ದು ನಾನು ಕಾಣೆ. ಮರುವರ್ಷ ಕರಣ್ ಜೋಹರ್ ಸಿನಿಮಾದಲ್ಲಿ ಅವರೇ ಹೀರೋ, ಮನೆಮಂದಿಯೆಲ್ಲ ಹೋಗಿ ನೋಡಿದರು.