ಬಾಗಿಲು ಹಾಕುವ ದಿನ: ಒಬ್ಬ ಲೈಬ್ರರಿ ಮೇಂಟೇನರ್‌ ಪ್ರಕರಣ

(ವ್ಯಕ್ತಿಯ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದೆ. ಮಾತುಕತೆಯಲ್ಲಿ ಆಪ್ತಸಲಹೆಗಾರರ ಜೊತೆ ಸಾಫ್ಟ್‌ವೇರ್ ರಿಲೀಸ್ (ಹೊಸ ಆವೃತ್ತಿ ಹೊರಬಿಡುವ) ಕೆಲಸ ಬಲ್ಲ ಒಬ್ಬರು ಕೂಡ ಕೂತಿದ್ದರು.)

ಪ್ರಕರಣ

ಎಂ. ಅವರಿಗೆ ಮೂವತ್ತೆಂಟು ವರ್ಷ. ಮನೆ ವಿಜಯನಗರದಲ್ಲಿ, ಕೆಲಸ ಬೆಳ್ಳಂದೂರಿನ ಕಡೆ. ಆಫೀಸಿಗೆ ಹೋಗುವ ದಿನ ರಸ್ತೆಯಲ್ಲೇ ಮೂರು ಗಂಟೆ ಹೋಗುತ್ತದೆ. ಉಳಿದ ಹೊತ್ತಿನಲ್ಲಿ ಅವರೊಂದು ಪೈಥಾನ್ ಭಾಷೆಯ ಲೈಬ್ರರಿ (ಬೇರೆ ಪ್ರೋಗ್ರಾಮ್‌ಗಳು ಎರವಲು ಪಡೆದು ಬಳಸುವ ಸಿದ್ಧ ಕೋಡ್) ನೋಡಿಕೊಳ್ಳುತ್ತಾರೆ; ಹೀಗೆ ನೋಡಿಕೊಳ್ಳುವವರನ್ನೇ ಮೇಂಟೇನರ್ ಎನ್ನುವುದು. ಕನ್ನಡ ಪಠ್ಯವನ್ನು ಒತ್ತಕ್ಷರ ಕೆಡದಂತೆ ಒಡೆಯುವುದು, ಪದಗಳನ್ನು ಅಕಾರಾದಿಯಾಗಿ ಜೋಡಿಸುವುದು ಅದರ ಕೆಲಸ. ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ಮುಕ್ತ), ಸಂಬಳ ಇಲ್ಲ. ಒಂದೆರಡು ನಿಘಂಟು ಆ್ಯಪ್‌ಗಳು, ಒಂದು ಹಳೆಯ ಪತ್ರಿಕೆಗಳ ಸಂಗ್ರಹ, ಕೆಲವು ಸಂಶೋಧನಾ ವಿದ್ಯಾರ್ಥಿಗಳು ಅದನ್ನೇ ನೆಚ್ಚಿಕೊಂಡಿದ್ದಾರೆ.

ಬಂದದ್ದು ನಿದ್ದೆಯ ದೂರಿನಿಂದ. ರಾತ್ರಿ ಒಂದು ಗಂಟೆಗೆ ಎದ್ದು ಗಿಟ್‌ಹಬ್ (ಕೋಡ್ ಇಟ್ಟು ಹಲವರು ಸೇರಿ ಕೆಲಸ ಮಾಡುವ ತಾಣ) ನೋಟಿಫಿಕೇಶನ್ ನೋಡುವುದು, ಉತ್ತರಿಸದೆ ಮಲಗುವುದು, ಬೆಳಿಗ್ಗೆ ಮೈಭಾರ. “ರಿಲೀಸ್ ಅಂದ್ರೆ ಹೊಟ್ಟೆ ತೊಳಸತ್ತೆ ಸರ್. ಪ್ರತಿ ತಿಂಗಳೂ ಈ ಸಲ ಖಂಡಿತ ಅಂತ ಬರೀತೀನಿ, ಆಗಲ್ಲ.” ಕೊನೆಯ ರಿಲೀಸ್ 0.9 ಹೊರಬಂದು ಹದಿನಾಲ್ಕು ತಿಂಗಳಾಗಿತ್ತು. ಅಷ್ಟರಲ್ಲಿ ಅರವತ್ತಕ್ಕೂ ಹೆಚ್ಚು ಬದಲಾವಣೆ ಮರ್ಜ್ ಆಗಿದ್ದವು, ಅಂದರೆ ಮೂಲ ಕೋಡ್‌ಗೆ ಸೇರಿದ್ದವು. ಬಳಕೆದಾರರ ಕೈಗೆ ಒಂದೂ ಸಿಕ್ಕಿರಲಿಲ್ಲ.

ನಮಗೆ ಕಂಡದ್ದು

ಎಂ. ಸೋಮಾರಿಯಲ್ಲ, ಕೆಲಸದಲ್ಲಿ ಹಿಂದುಳಿದವರೂ ಅಲ್ಲ. “ಇದೊಂದು ಸೇರಿದ ಮೇಲೆ ಬಿಡೋಣ” ಎಂಬ ಲೆಕ್ಕದಲ್ಲಿ ಸಿಕ್ಕಿಬಿದ್ದಿದ್ದರು. ಒಂದು ತಡವಾದರೆ ರಿಲೀಸ್ ದೊಡ್ಡದಾಗುತ್ತದೆ. ದೊಡ್ಡದಾದರೆ ಎಲ್ಲಿ ಏನು ಮುರಿದೀತೋ ಎಂಬ ಭಯ ಏರುತ್ತದೆ, ಭಯಕ್ಕೆ ಇನ್ನಷ್ಟು ತಡ. ಇತ್ತ ಕೋಡ್ ಕೊಟ್ಟವರು ತಮ್ಮದು ಈ ರಿಲೀಸ್‌ಗೆ ತಪ್ಪಿದರೆ ಮುಂದಿನದು ಯಾವ ಕಾಲಕ್ಕೋ ಎಂದು ಒತ್ತಾಯ ಮಾಡುತ್ತಾರೆ. ಆ ಒತ್ತಾಯಕ್ಕೆ ಕಾರಣ ಅವರ ಸ್ವಭಾವ ಅಲ್ಲ. ಮುಂದಿನದರ ತಾರೀಖು ಗೊತ್ತಿದ್ದರೆ ಯಾರೂ ಅಷ್ಟು ಜಗಳಾಡುವುದಿಲ್ಲ.

ಇನ್ನೊಂದು ಗಂಟು ಸಂಖ್ಯೆಯದು. 0.9 ಆದ ಮೇಲೆ ಬರುವುದು 1.0 ಎಂದು ಎಂ. ನಂಬಿದ್ದರು, 1.0 ಎಂದರೆ ಯಾವ ಕೊರತೆಯೂ ಇರಬಾರದು ಎಂದೂ. ಆವೃತ್ತಿ ಸಂಖ್ಯೆ ದಶಮಾಂಶ ಅಲ್ಲ. 0.9 ಆದಮೇಲೆ 0.10, ಆಮೇಲೆ 0.11. ಪೈಥಾನ್ ಲೈಬ್ರರಿಗಳನ್ನು ಇಳಿಸಿಕೊಡುವ ಪಿಪ್ ಕೂಡ 0.10 ಅನ್ನು 0.9ಕ್ಕಿಂತ ಹೊಸದೆಂದೇ ಎಣಿಸುತ್ತದೆ. ಇದನ್ನು ಹೇಳಿದಾಗ ಎಂ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ 1.0 ಮಾಡ್ಲೇಬೇಕು ಅಂತಿಲ್ವಾ?” ಎಂದರು. ಇಲ್ಲ. ನಮ್ಮ ಅಂದಾಜಿನಲ್ಲಿ ಹದಿನಾಲ್ಕು ತಿಂಗಳಲ್ಲಿ ಅರ್ಧ ಈ ಒಂದು ನಂಬಿಕೆಗೇ ಹೋಗಿತ್ತು.

ಹಿಂದೆ ಒಮ್ಮೆ ರಸ್ಟ್ ಭಾಷೆಯವರನ್ನು ನೋಡಿ ಆರು ವಾರಕ್ಕೊಂದು ರಿಲೀಸ್ ಎಂದು ಘೋಷಿಸಿ, ಎರಡನೆಯದಕ್ಕೇ ಕೈಚೆಲ್ಲಿದ್ದರು. ರಸ್ಟ್ 2015ರಿಂದ ಆ ಲಯ ಹಿಡಿದುಕೊಂಡು ಬಂದಿದೆ ನಿಜ, ಆದರೆ ಅದರ ಹಿಂದೆ ಒಂದು ತಂಡವೇ ಇದೆ, ಯಂತ್ರಗಳ ಪರೀಕ್ಷೆ ಹಗಲೂ ರಾತ್ರಿ ನಡೆಯುತ್ತದೆ. ಬೇರೆ ಸಾಫ್ಟ್‌ವೇರ್‌ಗಳ ರಿಲೀಸ್ ಲಯ ಒಂದೊಂದು ಬಗೆ: ಉಬುಂಟು ಏಪ್ರಿಲ್–ಅಕ್ಟೋಬರ್, ಗೋ ಫೆಬ್ರವರಿ–ಆಗಸ್ಟ್, ಜಾಂಗೊ ಸುಮಾರು ಎಂಟು ತಿಂಗಳು, ಲಿನಕ್ಸ್ ಕರ್ನಲ್ ಒಂಬತ್ತು-ಹತ್ತು ವಾರ. ಇವರೆಲ್ಲ ತಮ್ಮ ತಮ್ಮ ಕೈಬಲ ನೋಡಿ ಇಟ್ಟುಕೊಂಡ ಅವಧಿಗಳಿವು. ಎರವಲು ತರಬೇಕಾದದ್ದು ಅವರ ಕ್ರಮವನ್ನು, ಸಂಖ್ಯೆಯನ್ನಲ್ಲ.

ಕೊಟ್ಟ ಸಲಹೆ

ಮೊದಲು ಗಂಟೆಗಳ ಲೆಕ್ಕ. ಎಂ.ಗೆ ವಾರಕ್ಕೆ ಸಿಗುವುದು ಸುಮಾರು ಐದು ಗಂಟೆ. ಕೈಯಾರೆ ರಿಲೀಸ್ ಮಾಡಲು ಹಿಡಿಯುತ್ತಿದ್ದದ್ದು ಒಂಬತ್ತು ಗಂಟೆ: ಚೇಂಜ್‌ಲಾಗ್ (ಏನೇನು ಬದಲಾಯಿತು ಎಂಬ ಪಟ್ಟಿ) ಬರೆಯಲು ಮೂರು, ಬೇರೆ ಬೇರೆ ಪೈಥಾನ್‌ಗಳಲ್ಲಿ ಪರೀಕ್ಷೆಗೆ ಎರಡು, ಡಾಕ್ಯುಮೆಂಟೇಶನ್‌ಗೆ ಎರಡು, ಅಪ್‌ಲೋಡ್ ಮತ್ತು ಅದರ ಎಡವಟ್ಟುಗಳಿಗೆ ಎರಡು. ಆರು ವಾರದ ಸುತ್ತಿನಲ್ಲಿ ಮೂವತ್ತು ಗಂಟೆ. ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ರಿಲೀಸ್‌ಗೇ ಖರ್ಚು. ಹದಿಮೂರು ವಾರದ ಸುತ್ತಾದರೆ ಅರವತ್ತೈದು ಗಂಟೆ ಸಿಗುತ್ತದೆ, ಒಂಬತ್ತು ತಡೆಯುತ್ತದೆ. ಹಾಗಾಗಿ ವರ್ಷಕ್ಕೆ ನಾಲ್ಕು.

ದಿನಾಂಕ: ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ತಿಂಗಳ ಮೂರನೇ ಮಂಗಳವಾರ. ಹೀಗಾದರೆ ಮಾರ್ಚ್ ಕೊನೆಯ ಆಫೀಸಿನ ಗಡಿಬಿಡಿ, ಯುಗಾದಿ, ಗಣೇಶನ ಹಬ್ಬ, ದಸರಾ ಯಾವುದೂ ಅಡ್ಡ ಬರುವುದಿಲ್ಲ. ದೀಪಾವಳಿ ಕೆಲವು ವರ್ಷ ನವೆಂಬರ್ ಮಧ್ಯದವರೆಗೂ ಸರಿಯುತ್ತದೆ, ಆದ್ದರಿಂದ ಎರಡನೇ ವಾರ ಬೇಡ. ಆಗಸ್ಟ್‌ನಲ್ಲಿ 15ನೇ ತಾರೀಖೇ ಮಂಗಳವಾರವಾದರೆ ಮರುದಿನಕ್ಕೆ. ಮಂಗಳವಾರವೇ ಯಾಕೆಂದರೆ ಸೋಮವಾರ ಕೊನೆಯ ದೂರುಗಳನ್ನು ನೋಡಬಹುದು, ಏನಾದರೂ ಮುರಿದರೆ ಸರಿಪಡಿಸಲು ಬುಧ, ಗುರು, ಶುಕ್ರ ಉಳಿದಿರುತ್ತವೆ. ಶುಕ್ರವಾರ ಸಂಜೆ ರಿಲೀಸ್ ಮಾಡಿ ಹಾಸನದ ಬಸ್ ಹತ್ತುವ ಅಭ್ಯಾಸ ಬಿಡಲು ಹೇಳಿದೆವು.

ನವೆಂಬರ್ ರಿಲೀಸ್‌ಗೆ ಇನ್ನೊಂದು ಕಾರಣ ಇದೆ. ಪೈಥಾನ್ 3.9ರಿಂದ ಈಚೆಗೆ ಹೊಸ ಆವೃತ್ತಿ ಪ್ರತಿ ಅಕ್ಟೋಬರ್‌ನಲ್ಲಿ ಬರುತ್ತದೆ. ಪ್ರತಿ ಆವೃತ್ತಿಗೆ ಐದು ವರ್ಷ ಆಯುಷ್ಯ. ಅಂದರೆ ಪ್ರತಿ ನವೆಂಬರ್‌ನಲ್ಲಿ ಬೆಂಬಲದ ಪಟ್ಟಿಗೆ ಒಂದು ಸೇರುತ್ತದೆ, ಒಂದು ಬಿಡುತ್ತದೆ. ಕನ್ನಡ ಲೈಬ್ರರಿಗೆ ಇದು ಬರೀ ಔಪಚಾರಿಕ ಅಲ್ಲ. ಪೈಥಾನ್ 3.12ರಲ್ಲಿರುವುದು ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಮಾನದಂಡ) 15.0ರ ಕೋಷ್ಟಕ, 3.13ರಲ್ಲಿ 15.1, 3.14ರಲ್ಲಿ 16.0. ಆ ಕೋಷ್ಟಕವನ್ನು ನೆಚ್ಚಿದ ಕೋಡ್ ಎರಡು ಯಂತ್ರಗಳಲ್ಲಿ ಎರಡು ಉತ್ತರ ಕೊಡುವ ಸಾಧ್ಯತೆ ಇದ್ದೇ ಇದೆ.

ಇನ್ನು ಮುಖ್ಯ ಮಾತು. ರಿಲೀಸ್ ದಿನಕ್ಕಿಂತ ಬಾಗಿಲು ಹಾಕುವ ದಿನವನ್ನು ಗಟ್ಟಿಮಾಡಿಕೊಳ್ಳಿ ಎಂದೆವು. ರಿಲೀಸ್‌ಗೆ ಮೂರು ವಾರ ಮುಂಚಿನ ಮಂಗಳವಾರ ಫ್ರೀಜ್, ಅಂದರೆ ಆಮೇಲೆ ಬಂದ ಹೊಸ ಕೆಲಸ ಆ ರಿಲೀಸ್‌ಗೆ ಸೇರದು. ನವೆಂಬರ್‌ಗೆ ಮಾತ್ರ ನಾಲ್ಕು ವಾರ, ನಡುವೆ ಹಬ್ಬ ಬರಬಹುದಾದ್ದರಿಂದ. ಆ ಹೊತ್ತಿಗೆ ಮುಖ್ಯ ಬ್ರಾಂಚ್‌ನಲ್ಲಿ (ಕೋಡ್‌ನ ಮೂಲ ಕವಲಿನಲ್ಲಿ) ಏನಿದೆಯೋ ಅಷ್ಟೇ. ಮೆಜೆಸ್ಟಿಕ್‌ನಿಂದ ಹೊರಡುವ ರಾತ್ರಿ ಬಸ್ಸು ಯಾರ ಟಿಫನ್ ಮುಗಿಯಲಿಲ್ಲವೆಂದೂ ಕಾಯುವುದಿಲ್ಲ; ಮುಂದಿನ ಬಸ್ಸಿನ ಹೊತ್ತು ಬೋರ್ಡಿನಲ್ಲಿರುತ್ತದೆ, ಅಷ್ಟು ಸಾಕು.

ಫ್ರೀಜ್ ದಿನ ರಿಲೀಸ್ ಬ್ರಾಂಚ್ ಕತ್ತರಿಸಿ 0.10.0ಆರ್‌ಸಿ1 ಬಿಡುವುದು (ಆರ್‌ಸಿ ಎಂದರೆ ರಿಲೀಸ್ ಕ್ಯಾಂಡಿಡೇಟ್, ಪರೀಕ್ಷೆಗೆಂದು ಮೊದಲೇ ಬಿಡುವ ಪ್ರತಿ). ಅಲ್ಲಿಂದಾಚೆಗೆ ಆ ಬ್ರಾಂಚ್‌ಗೆ ದೋಷ ತಿದ್ದುವ ಬದಲಾವಣೆ ಬಿಟ್ಟು ಬೇರೇನೂ ಹೋಗಬಾರದು. ಮುಖ್ಯ ಬ್ರಾಂಚ್ ತೆರೆದೇ ಇರುತ್ತದೆ, ಹೊಸ ಕೆಲಸ ಅಲ್ಲಿ ನಡೆಯಲಿ. ತಿದ್ದುಪಡಿಯನ್ನು ಮೊದಲು ಮುಖ್ಯ ಬ್ರಾಂಚ್‌ನಲ್ಲಿ ಮಾಡಿ, ಆಮೇಲೆ ರಿಲೀಸ್ ಬ್ರಾಂಚ್‌ಗೆ ಚೆರಿ-ಪಿಕ್ (ಆ ಒಂದು ಬದಲಾವಣೆಯಷ್ಟೇ ನಕಲು) ಮಾಡಬೇಕು. ತಿರುಗುಮುರುಗಾದರೆ ಮುಖ್ಯ ಬ್ರಾಂಚ್‌ಗೆ ತರುವುದು ಮರೆತುಹೋಗಿ, ಸತ್ತ ದೋಷ ಮುಂದಿನ ಆವೃತ್ತಿಯಲ್ಲಿ ಎದ್ದು ಕೂರುತ್ತದೆ.

ಆರ್‌ಸಿಯನ್ನು ಪಿಪ್ ತಾನಾಗಿ ಇನ್‌ಸ್ಟಾಲ್ ಮಾಡುವುದಿಲ್ಲ, ಕೇಳಿದವರಿಗಷ್ಟೇ ಕೊಡುತ್ತದೆ. ಅದು ಒಳ್ಳೆಯದು, ಆದರೆ ಅದಕ್ಕಾಗಿಯೇ ಯಾರೂ ಪರೀಕ್ಷಿಸುವುದೂ ಇಲ್ಲ. ಹಾಗಾಗಿ ಲೈಬ್ರರಿಯನ್ನು ನಿಜವಾಗಿ ಬಳಸುವ ಮೂರು ಮಂದಿಯ ಹೆಸರು ಬರೆದಿಟ್ಟುಕೊಂಡು, ಅವರಿಗೆ ನೇರ ಫೋನ್ ಮಾಡಿ ಕೇಳಬೇಕು. ಎಲ್ಲರಿಗೂ ಕಳಿಸಿದ ವಿನಂತಿ ಯಾರಿಗೂ ಕಳಿಸಿದಂತಲ್ಲ.

ಒಂದು ಸುತ್ತಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಏನೂ ಇಲ್ಲದಿದ್ದರೆ? ಬಿಟ್ಟುಬಿಡಿ, ಮುಂದೂಡಬೇಡಿ. “ಆಗಸ್ಟ್‌ನಲ್ಲಿ ರಿಲೀಸ್ ಇಲ್ಲ, ಮುಂದಿನದು ನವೆಂಬರ್” ಎಂದು ಒಂದು ಸಾಲು ಹಾಕಿದರೆ ಮುಗಿಯಿತು. ಮುಂದೂಡಿದರೆ ಬಾಗಿಲು ಮತ್ತೆ ತೆರೆಯುತ್ತದೆ, ಅರವತ್ತು ಬದಲಾವಣೆಯ ರಾಶಿ ಮತ್ತೆ ಶುರು. ಭದ್ರತಾ ದೋಷ, ಅಥವಾ ಜನರ ಡೇಟಾ ಕೆಡಿಸುವ ದೋಷ ಸಿಕ್ಕರೆ ಮಾತ್ರ ಕ್ಯಾಲೆಂಡರ್ ಕಾಯಬಾರದು. ಆಗಲೂ ಮುಖ್ಯ ಬ್ರಾಂಚ್‌ನಿಂದ ಬಿಡದೆ, ಹಿಂದಿನ ರಿಲೀಸ್‌ನ ಟ್ಯಾಗ್‌ನಿಂದ (ಆ ಆವೃತ್ತಿಯ ಕೋಡ್‌ಗೆ ಅಂಟಿಸಿದ ಹೆಸರುಚೀಟಿ) ಬ್ರಾಂಚ್ ತೆಗೆದು ಆ ಒಂದು ತಿದ್ದುಪಡಿಯಷ್ಟೇ ಹಾಕಿ 0.10.1.

ಚೇಂಜ್‌ಲಾಗ್‌ನ ಮೂರು ಗಂಟೆ ಉಳಿಸಲು ಒಂದು ಕಟ್ಟಳೆ: ಪ್ರತಿ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಜೊತೆಗೆ ಒಂದು ಸಾಲಿನ ಪುಟ್ಟ ಫೈಲ್ ಬರಬೇಕು, ಇಲ್ಲದಿದ್ದರೆ ಮರ್ಜ್ ಇಲ್ಲ. ಎಲ್ಲರೂ ಒಂದೇ ಫೈಲ್‌ನ ತುದಿಗೆ ಬರೆದರೆ ಪ್ರತಿ ಮರ್ಜ್‌ನಲ್ಲೂ ಒಬ್ಬರದು ಇನ್ನೊಬ್ಬರದಕ್ಕೆ ಡಿಕ್ಕಿ ಹೊಡೆಯುವ ಕಾನ್‌ಫ್ಲಿಕ್ಟ್; ಬಿಡಿ ಫೈಲ್‌ಗಳಾದರೆ ಆ ಕಾಟ ಇಲ್ಲ. ರಿಲೀಸ್ ದಿನ ಟೌನ್‌ಕ್ರಯರ್ ಎಂಬ ಸಾಧನ ಅವನ್ನೆಲ್ಲ ಜೋಡಿಸಿಕೊಡುತ್ತದೆ.

ಉತ್ತರಗಳ ಬಗ್ಗೆ: “ಇದು 0.10ರಲ್ಲಿ ಬರುತ್ತೆ” ಎಂದು ಎಲ್ಲೂ ಬರೆಯಬೇಡಿ. “ಮರ್ಜ್ ಆದಮೇಲೆ ಬರುವ ಮೊದಲ ರಿಲೀಸ್‌ನಲ್ಲಿ ಇರುತ್ತದೆ, ತಾರೀಖುಗಳು ರೀಡ್‌ಮೀಯಲ್ಲಿವೆ” ಎಂಬ ಸಿದ್ಧ ಉತ್ತರ ಸಾಕು (ರೀಡ್‌ಮೀ ಎಂದರೆ ಲೈಬ್ರರಿಯ ಪರಿಚಯ ಪುಟ). ರಾತ್ರಿ ಒಂಬತ್ತರ ಮೇಲೆ ಫೋನಿನಲ್ಲಿ ನೋಟಿಫಿಕೇಶನ್ ಬಂದ್. ನಿದ್ದೆಗೆಂದು ಕೊಟ್ಟ ಪ್ರತ್ಯೇಕ ಸಲಹೆ ಇಷ್ಟೇ.

ಒಂದು ಬದಲಾವಣೆ, ಮೂರು ರಿಲೀಸ್

ಎಂ. ಅತಿ ಹೆಚ್ಚು ಹೆದರಿದ್ದದ್ದು ಒಂದು ಸಣ್ಣ ತಿದ್ದುಪಡಿಗೆ. ಹೆದರಿಕೆ ನ್ಯಾಯವಾದದ್ದೇ. ‘ಕೊ’ ಎಂಬುದನ್ನು ಕಂಪ್ಯೂಟರ್ ಎರಡು ರೀತಿ ಇಟ್ಟುಕೊಳ್ಳಬಹುದು: ಕ ಮತ್ತು ಒಕಾರದ ಒಂದೇ ಚಿಹ್ನೆ, ಅಥವಾ ಕ, ಎಕಾರದ ಚಿಹ್ನೆ, ಊಕಾರದ ಚಿಹ್ನೆ ಮೂರೂ ಬಿಡಿಬಿಡಿಯಾಗಿ. ಕಣ್ಣಿಗೆ ಎರಡೂ ಒಂದೇ. ಹಳೆಯ ಆವೃತ್ತಿ ಬಂದದ್ದನ್ನು ಬಂದ ಹಾಗೇ ಬಿಡುತ್ತಿತ್ತು; ಹೊಸ ಕೋಡ್ ಎಲ್ಲವನ್ನೂ ಒಂದೇ ರೂಪಕ್ಕೆ ತರುತ್ತದೆ. ತಾಂತ್ರಿಕವಾಗಿ ಇದು ದೋಷ ತಿದ್ದಿದಂತೆ. ಆದರೆ ಹಳೆಯ ರೂಪದಲ್ಲೇ ಲಕ್ಷಗಟ್ಟಲೆ ಪದಗಳ ಸೂಚಿ ಕಟ್ಟಿಕೊಂಡವರಿಗೆ ನಾಳೆಯಿಂದ ಹುಡುಕಿದ ಪದ ಸಿಗುವುದಿಲ್ಲ. ಎರರ್ ಕೂಡ ಬರುವುದಿಲ್ಲ, ಸುಮ್ಮನೆ ಸಿಗುವುದಿಲ್ಲ. ಫಂಕ್ಷನ್ ಹೆಸರು ಬದಲಾಗದಿದ್ದರೂ ಫಲಿತಾಂಶ ಬದಲಾದರೆ ಅದು ಬಳಕೆದಾರರ ಕೆಲಸ ಮುರಿಯುವ ಬದಲಾವಣೆಯೇ.

ಆದ್ದರಿಂದ ಅದನ್ನು ಮೂರಾಗಿ ಹಂಚಿದೆವು. 0.10ರಲ್ಲಿ ಹೊಸ ನಡವಳಿಕೆ ಒಂದು ಆಯ್ಕೆ, ತಾನಾಗಿ ಚಾಲೂ ಇರದು. 0.11ರಲ್ಲಿ ಆಯ್ಕೆ ಸೂಚಿಸದವರಿಗೆ ಎಚ್ಚರಿಕೆ. 0.12ರಲ್ಲಿ ಹೊಸದೇ ರೂಢಿ, ಹಳೆಯದು ಬೇಕಾದವರು ಕೇಳಿ ಪಡೆಯಬೇಕು. ಎಚ್ಚರಿಕೆಗೆ ಪೈಥಾನ್‌ನ ಡೆಪ್ರಿಕೇಶನ್‌ವಾರ್ನಿಂಗ್ ಬಳಸಿದರೆ ಪ್ರಯೋಜನ ಕಡಿಮೆ: ನೇರವಾಗಿ ಓಡಿಸಿದ ಸ್ಕ್ರಿಪ್ಟ್‌ನಲ್ಲಿ ಬಿಟ್ಟರೆ ಅದು ಸಾಮಾನ್ಯವಾಗಿ ಮರೆಯಲ್ಲೇ ಇರುತ್ತದೆ. ಫ್ಯೂಚರ್‌ವಾರ್ನಿಂಗ್ ಎಲ್ಲರ ಕಣ್ಣಿಗೂ ಬೀಳುತ್ತದೆ. ಮೂರು ತಿಂಗಳ ಲಯ ಇದ್ದುದರಿಂದಲೇ ಇದು ಸಾಧ್ಯ. ಮುಂದಿನ ರಿಲೀಸ್ ಯಾವಾಗಲೋ ಗೊತ್ತಿಲ್ಲದವರು ಎಲ್ಲವನ್ನೂ ಒಂದೇ ಏಟಿಗೆ ತುರುಕಲೇಬೇಕಾಗುತ್ತದೆ.

ಮೊದಲ ಸುತ್ತು

0.10ಕ್ಕೆ ಫ್ರೀಜ್ ದಿನ ಯಾವುದು ಎಂದು ಎಂ. ಕೇಳಿದಾಗ ಇವತ್ತೇ ಎಂದೆವು. ಮರ್ಜ್ ಆಗಿರುವುದೇ ರಾಶಿ ಇದೆ, ಹೊಸದೇನೂ ಬೇಡ. ಪೂರ್ಣವಿರಾಮದ ಪಕ್ಕ ಪದ ಒಡೆಯುವ ಒಂದು ತಿದ್ದುಪಡಿ ಸೇರಲೇಬೇಕು ಎಂದು ಸ್ವಲ್ಪ ವಾದ ನಡೆಯಿತು. ಅದು 0.11ಕ್ಕೆ ಹೋಯಿತು.

ಮೂರು ವಾರದ ಮೇಲೆ, ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಟ್ಯಾಗ್ ಹಾಕುವ ವರ್ಕ್‌ಫ್ಲೋ (ಗಿಟ್‌ಹಬ್ ತಾನಾಗಿ ಓಡಿಸುವ ಕೆಲಸಗಳ ಸರಣಿ) ಓಡಬೇಕಿತ್ತು. ಗಿಟ್‌ಹಬ್‌ನ ವೇಳಾಪಟ್ಟಿ ಮಾಮೂಲಿಯಾಗಿ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ನಡೆಯುವುದರಿಂದ ನಮ್ಮ ಹತ್ತು ಗಂಟೆಗೆ ಅಲ್ಲಿ 4:30 ಎಂದು ಬರೆಯಬೇಕು. ಅದನ್ನು ಸರಿಯಾಗಿಯೇ ಬರೆದಿದ್ದರು. ಟ್ಯಾಗ್ ಬಿತ್ತು, ಆದರೆ ಪೈಪಿಐಗೆ (ಪಿಪ್ ಲೈಬ್ರರಿಗಳನ್ನು ತರುವ ಸಾರ್ವಜನಿಕ ಭಂಡಾರ) ಅಪ್‌ಲೋಡ್ ಆಗಲಿಲ್ಲ. ಅಪ್‌ಲೋಡ್ ಬೇರೊಂದು ವರ್ಕ್‌ಫ್ಲೋದ ಕೆಲಸ; ಒಂದು ವರ್ಕ್‌ಫ್ಲೋ ತನ್ನ ಮಾಮೂಲಿ ಟೋಕನ್ನಿನಿಂದ (ಅನುಮತಿಯ ಕೀಲಿ) ಹಾಕಿದ ಟ್ಯಾಗ್ ಇನ್ನೊಂದು ವರ್ಕ್‌ಫ್ಲೋವನ್ನು ಎಬ್ಬಿಸುವುದಿಲ್ಲ. ಕೊನೆಯಿಲ್ಲದ ಸುತ್ತು ಆಗದಿರಲೆಂದು ಗಿಟ್‌ಹಬ್ ಇಟ್ಟ ಕಟ್ಟು ಅದು. ಟ್ಯಾಗ್ ಅಳಿಸಿ ಕೈಯಾರೆ ಹಾಕಿದ ಮೇಲೆ ಕೆಲಸ ಮುಂದುವರಿಯಿತು. ಇಷ್ಟು ಅಪರೂಪದ ಕೆಲಸಕ್ಕೆ ವೇಳಾಪಟ್ಟಿಯೇ ಬೇಡ, ಟ್ಯಾಗನ್ನು ಮನುಷ್ಯರೇ ಹಾಕಲಿ ಎಂಬುದು ನಮ್ಮ ಅಭಿಪ್ರಾಯ. ಟ್ಯಾಗ್‌ನಿಂದಲೇ ಆವೃತ್ತಿ ಸಂಖ್ಯೆ ಲೆಕ್ಕ ಹಾಕುವವರು ಇನ್ನೊಂದು ಗಮನಿಸಬೇಕು: ಗಿಟ್‌ಹಬ್‌ನ ಸಿಐ ಯಂತ್ರ (ಪರೀಕ್ಷೆ, ಬಿಲ್ಡ್ ತಾನಾಗಿ ಓಡಿಸುವಂಥದ್ದು) ಮಾಮೂಲಿಯಾಗಿ ಕೊನೆಯ ಕಮಿಟ್ (ದಾಖಲಾದ ಬದಲಾವಣೆ) ಒಂದನ್ನೇ ಇಳಿಸಿಕೊಳ್ಳುತ್ತದೆ. ಪೂರ್ಣ ಇತಿಹಾಸ ಇಳಿಸಲು ಹೇಳದಿದ್ದರೆ ಹಳೆಯ ಟ್ಯಾಗ್‌ಗಳು ಕಾಣದೆ ಸಂಖ್ಯೆ ಅಡ್ಡಾದಿಡ್ಡಿ ಬರುತ್ತದೆ.

ಅದೇ ಸಂಜೆ ದೂರು ಬಂತು: ಇನ್‌ಸ್ಟಾಲ್ ಆಗುತ್ತದೆ, ಅಕಾರಾದಿ ಜೋಡಣೆ ಮಾತ್ರ ಬೀಳುತ್ತದೆ. ಅಕ್ಷರಕ್ರಮದ ಡೇಟಾ ಫೈಲ್ ವೀಲ್ (ಇನ್‌ಸ್ಟಾಲ್‌ಗೆ ಸಿದ್ಧವಾದ ಪೊಟ್ಟಣ) ಒಳಗೆ ಸೇರಿಯೇ ಇರಲಿಲ್ಲ. ಪರೀಕ್ಷೆಗಳು ಸೋರ್ಸ್ ಫೋಲ್ಡರ್‌ನಲ್ಲಿ ಓಡುತ್ತಿದ್ದವು, ಅಲ್ಲಿ ಫೈಲ್ ಇದ್ದೇ ಇರುತ್ತದೆ. ಆರ್‌ಸಿ ನೋಡಿದ ಮೂವರೂ ಗಿಟ್‌ನಿಂದ ನೇರ ತಂದು ಓಡಿಸಿದ್ದರು. ಈಗಿನ ಕ್ರಮ: ವೀಲ್ ಕಟ್ಟು, ಖಾಲಿ ವರ್ಚುವಲ್ ಎನ್ವಿರಾನ್‌ಮೆಂಟ್‌ನಲ್ಲಿ (ಬೇರೇನೂ ಇಲ್ಲದ ಪ್ರತ್ಯೇಕ ಪೈಥಾನ್ ಜಾಗ) ಹಾಕು, ಸೋರ್ಸ್ ಫೋಲ್ಡರ್‌ನಿಂದ ಹೊರಗೆ ಬಂದು ಪರೀಕ್ಷೆ ಓಡಿಸು.

ಪೈಪಿಐಯಲ್ಲಿ ಒಮ್ಮೆ ಹೋದ ಫೈಲ್ ಹೆಸರನ್ನು, ಅಳಿಸಿದರೂ, ಮತ್ತೆ ಬಳಸಲಾಗದು. 0.10.0 ಅಳಿಸುವ ಬದಲು ಯಾಂಕ್ ಮಾಡಿಸಿದೆವು: ಹೊಸಬರಿಗೆ ಸಿಗುವುದಿಲ್ಲ, ಅದೇ ಸಂಖ್ಯೆಯನ್ನು ಕಟ್ಟಿಕೊಂಡವರ ಬಿಲ್ಡ್ ಮುರಿಯುವುದೂ ಇಲ್ಲ. ಬುಧವಾರ 0.10.1 ಹೋಯಿತು. ಯಾರೂ ಬೈಯಲಿಲ್ಲ, ಒಬ್ಬರು ಥ್ಯಾಂಕ್ಸ್ ಹೇಳಿದರು. ಎಂ.ಗೆ ಇದೇ ದೊಡ್ಡ ಆಶ್ಚರ್ಯ.

ಎರಡನೆಯ ಕೈ

ಬಸವನಗುಡಿಯ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿನಿ ಎರಡು ವರ್ಷದಿಂದ ಕೋಡ್ ಕಳಿಸುತ್ತಿದ್ದಾಳೆ. ಸುಸ್ತಾದ ಹೊತ್ತಿನಲ್ಲಿ ಎಂ. ಎಲ್ಲ ಹಕ್ಕನ್ನೂ ಅವಳಿಗೆ ಬಿಟ್ಟುಕೊಡಲು ಹೊರಟಿದ್ದರು. ತಡೆದೆವು. ಅವಳ ಮೇಲೆ ಅನುಮಾನ ಇಲ್ಲ. ದಣಿದಾಗ ಕೀಲಿ ಕೊಡಬಾರದು ಅಷ್ಟೇ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಫೈಲ್ ಕುಗ್ಗಿಸುವ ಲೈಬ್ರರಿಯೊಳಗೆ ಹಿಂಬಾಗಿಲು (ಕದ್ದು ಒಳನುಗ್ಗುವ ದಾರಿ) ಪತ್ತೆಯಾದಾಗ ಹೊರಬಂದದ್ದೂ ಇದೇ ಹಾದಿ: ಒಬ್ಬಂಟಿ ಮೇಂಟೇನರ್, ರಿಲೀಸ್ ಯಾವಾಗ ಎಂದು ಪೀಡಿಸುವ ಖಾತೆಗಳು, ಸಹಾಯಕ್ಕೆಂದು ಬಂದು ಹಕ್ಕು ಗಳಿಸಿದ ಒಬ್ಬ. ಪೈಪಿಐಯ ಟ್ರಸ್ಟೆಡ್ ಪಬ್ಲಿಷಿಂಗ್ (ಗೊತ್ತುಮಾಡಿದ ವರ್ಕ್‌ಫ್ಲೋವನ್ನೇ ನಂಬಿ ಅಪ್‌ಲೋಡ್‌ಗೆ ಬಿಡುವ ಏರ್ಪಾಡು) ಬಳಸಿದರೆ ಯಾರ ಕೈಗೂ ಟೋಕನ್ ಕೊಡಬೇಕಾಗಿಲ್ಲ. ಅಪ್‌ಲೋಡ್‌ಗೆ ಮುನ್ನ ಇನ್ನೊಬ್ಬರು ಒಪ್ಪಬೇಕು ಎಂಬ ತಡೆ ಗಿಟ್‌ಹಬ್‌ನಲ್ಲಿ ಹಾಕಬಹುದು. 0.11ರ ಫ್ರೀಜ್, ಆರ್‌ಸಿ ಎಲ್ಲ ಅವಳೇ ಮಾಡಿದಳು, ಎಂ. ಒಪ್ಪಿಗೆ ಒತ್ತಿದರು. 0.12ರಲ್ಲಿ ಪಾತ್ರ ಅದಲುಬದಲು.

ರಿಲೀಸ್‌ಗೆ ಹಿಡಿಯುವ ಹೊತ್ತು ಈಗ ಸುಮಾರು ನಾಲ್ಕು ಗಂಟೆ. ಕಳೆದ ಸಲ ಬಂದಾಗ ಎಂ. 1.0ರ ಮಾತು ತೆಗೆದರು. ಹೊರಗಿನವರು ಬಳಸಬಹುದಾದ ಫಂಕ್ಷನ್‌ಗಳ ಪಟ್ಟಿಯನ್ನು ಒಂದು ಪುಟದಲ್ಲಿ ಬರೆಯಿರಿ, ಅದರಲ್ಲಿ ಹೆಸರಾಗಲಿ ಫಲಿತಾಂಶವಾಗಲಿ ಬದಲಾಗದೆ ಎರಡು ಸುತ್ತು ಕಳೆಯಲಿ, ಆಮೇಲೆ ಬರುವ ಮಂಗಳವಾರಕ್ಕೆ ಆ ಸಂಖ್ಯೆ ಹಾಕಿ ಎಂದೆವು. ಪಟ್ಟಿಯಲ್ಲಿ ಸದ್ಯ ಹನ್ನೊಂದು ಹೆಸರಿವೆ. ಎರಡರ ಬಗ್ಗೆ ವಿದ್ಯಾರ್ಥಿನಿಯ ತಕರಾರಿದೆ.