ಬಲೂನಿಗೆ ಕೆಂಪು ಬಣ್ಣ ಬಂದದ್ದು ಹೇಗೆ?

ಪ್ರಶ್ನೆ: ಸ್ಟುಟ್‌ಗಾರ್ಟ್‌ನಲ್ಲಿ ಉದ್ಯೋಗದಲ್ಲಿರುವ ಮಗಳು ನೇನಾ ತಂಡದ ತೊಂಬತ್ತೊಂಬತ್ತು ಬಲೂನುಗಳ ಹಾಡನ್ನು ಜರ್ಮನ್ ಭಾಷೆಯಲ್ಲಿ ಕೇಳಿಸಿದಳು. ಇದನ್ನೇ ನಾನು ಕಾಲೇಜಿನ ದಿನಗಳಲ್ಲಿ ಇಂಗ್ಲಿಷಿನಲ್ಲಿ ಕೇಳಿದ್ದೆ. ಜರ್ಮನ್ ಒಂದಕ್ಷರವೂ ಬಾರದ ನನಗೆ ಜರ್ಮನ್ ಹಾಡೇ ಹೆಚ್ಚು ಹಿಡಿಸಿತು. ಇದು ನನ್ನ ಭ್ರಮೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಭ್ರಮೆಯಲ್ಲ, ನಿಮ್ಮ ಕಿವಿ ಸರಿಯಾಗಿಯೇ ಇದೆ. 1982ರಲ್ಲಿ ಪಶ್ಚಿಮ ಬರ್ಲಿನ್‌ನ ಒಂದು ಸಂಗೀತ ಕಛೇರಿಯಲ್ಲಿ ಹಾರಿಬಿಟ್ಟ ಬಲೂನುಗಳನ್ನು ಕಂಡ ತಂಡದ ಗಿಟಾರ್ ವಾದಕ ಕಾರ್ಲೊ ಕಾರ್ಗೆಸ್ ಅವರಿಗೆ, ಇವು ನಗರವನ್ನು ಇಬ್ಭಾಗ ಮಾಡಿದ್ದ ಬರ್ಲಿನ್ ಗೋಡೆ ದಾಟಿ ಪೂರ್ವದ ಕಡೆಗೆ ಹೋದರೆ ಏನಾದೀತು ಎಂಬ ಯೋಚನೆ ಬಂದದ್ದೇ 1983ರ ಆ ಹಾಡಿನ ಬೀಜ. ಜರ್ಮನ್ ಹಾಡಿನಲ್ಲಿ ಸೇನಾಪತಿಯೊಬ್ಬ ಬಲೂನುಗಳನ್ನು ಅನ್ಯಲೋಕದ ಹಾರುವ ತಟ್ಟೆಗಳೆಂದು ಬಗೆದು ಯುದ್ಧವಿಮಾನಗಳನ್ನು ಅಟ್ಟುತ್ತಾನೆ. ಯುದ್ಧಮಂತ್ರಿಗಳು ಅಧಿಕಾರದ ಆಸೆಗೆ ಬೀಳುತ್ತಾರೆ. ತೊಂಬತ್ತೊಂಬತ್ತು ವರ್ಷಗಳ ಕಾಳಗದ ಕೊನೆಗೆ ಗೆದ್ದವರೇ ಉಳಿಯುವುದಿಲ್ಲ. ಇಂಗ್ಲಿಷ್ ಹಾಡಾದರೋ ಆಟಿಕೆ ಅಂಗಡಿಯಲ್ಲಿ ಬಲೂನು ಕೊಳ್ಳುವ ಇಬ್ಬರಿಂದ ಆರಂಭವಾಗುತ್ತದೆ. ಕಥೆ ಸರಿಸುಮಾರು ಅದೇ ದಾರಿಯಲ್ಲಿ ಸಾಗಿದರೂ ಮೂಲದ ಒಣ ವ್ಯಂಗ್ಯ ಅಲ್ಲಿ ತೆಳುವಾಗಿದೆ.

ಇನ್ನೊಂದು ಸಣ್ಣ ಸಂಗತಿಯನ್ನು ಗಮನಿಸಿ. ಜರ್ಮನ್ ಹಾಡಿನಲ್ಲಿ ಬಲೂನುಗಳಿಗೆ ಬಣ್ಣವೇ ಇಲ್ಲ, ಇಂಗ್ಲಿಷಿನಲ್ಲಿ ಅವು ಕೆಂಪು. ಜರ್ಮನ್‌ನ ‘ನೊಯ್ನ್-ಉಂಡ್-ನೊಯ್ನ್-ತ್ಸಿಗ್’ ನಾಲ್ಕು ಪೆಟ್ಟಿನ ಪದ. ಇಂಗ್ಲಿಷಿನ ‘ನೈಂಟಿ ನೈನ್’ ಮೂರೇ ಪೆಟ್ಟಿಗೆ ಮುಗಿಯುತ್ತದೆ, ಉಳಿದ ಜಾಗವನ್ನು ‘ರೆಡ್’ ತುಂಬುತ್ತದೆ. ಪರಭಾಷೆಯ ಧಾಟಿಗೆ ಕನ್ನಡ ಪದ ಕೂರಿಸಲು ಹೆಣಗಿದ ನಮ್ಮ ಚಿತ್ರಗೀತೆಗಳ ಕಷ್ಟ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂದ ಹಾಗೆ, 1984ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಎರಡನೆಯ ಸ್ಥಾನಕ್ಕೇರಿದ್ದು ಜರ್ಮನ್ ಹಾಡೇ. ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆದದ್ದು ಇಂಗ್ಲಿಷಿನದು.

ಪ್ರಶ್ನೆ: ಯುರೋಪಿನ ದೇಶಗಳ ಹಾಡಿನ ಸ್ಪರ್ಧೆಯಾದ ಯೂರೋವಿಷನ್‌ನಲ್ಲಿ ಬಹುತೇಕ ದೇಶಗಳು ಇಂಗ್ಲಿಷಿನಲ್ಲೇ ಹಾಡುವುದೇಕೆ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಯಮ ಸಡಿಲವಾಗಿರುವುದರಿಂದ. 1966ರಿಂದ 1972ರವರೆಗೂ, ಮತ್ತೆ 1977ರಿಂದ 1998ರವರೆಗೂ ಆಯಾ ದೇಶದ ಭಾಷೆಯಲ್ಲೇ ಹಾಡಬೇಕೆಂಬ ಕಟ್ಟಳೆಯಿತ್ತು. ನಡುವೆ ಕಟ್ಟಳೆಯಿಲ್ಲದ ಅವಧಿಯಲ್ಲಿ, 1974ರಲ್ಲಿ, ಸ್ವೀಡನ್ನಿನ ಆಬಾ ತಂಡ ಇಂಗ್ಲಿಷಿನಲ್ಲಿ ಹಾಡಿ ಗೆದ್ದಿತು. 1999ರಿಂದ ಭಾಷೆಯ ಆಯ್ಕೆ ಮುಕ್ತವಾಗಿದೆ. ಆದರೂ ಸ್ವಂತ ಭಾಷೆ ಸೋಲುತ್ತದೆ ಎನ್ನುವಂತಿಲ್ಲ: 2017ರಲ್ಲಿ ಸಾಲ್ವಡೋರ್ ಸೊಬ್ರಾಲ್ ಪೋರ್ಚುಗೀಸಿನಲ್ಲಿ, 2021ರಲ್ಲಿ ಮೋನೆಸ್ಕಿನ್ ತಂಡ ಇಟಾಲಿಯನ್ನಿನಲ್ಲಿ, 2022ರಲ್ಲಿ ಕಲುಶ್ ಆರ್ಕೆಸ್ಟ್ರಾ ಉಕ್ರೇನಿಯನ್ನಿನಲ್ಲಿ ಹಾಡಿ ಗೆದ್ದರು.

ಪ್ರಶ್ನೆ: ಅರ್ಥ ತಿಳಿಯದೆ ಇಂತಹ ಹಾಡುಗಳನ್ನು ಕೇಳುವುದು ಅರ್ಧ ಕೇಳಿದಂತಲ್ಲವೇ? ಫ್ರೆಂಚ್ ಹಾಡುಗಳನ್ನು ಎಲ್ಲಿಂದ ಆರಂಭಿಸಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ತೆಲುಗು ಬಾರದೆಯೇ ತ್ಯಾಗರಾಜರ ಕೀರ್ತನೆಗಳಿಗೆ ತಲೆದೂಗುವ ನಾವು ಈ ವಿಷಯದಲ್ಲಿ ಸಂಕೋಚ ಪಡಬೇಕಾಗಿಲ್ಲ. ಆದರೆ ನಾಲ್ಕು ಬಾರಿ ಸುಮ್ಮನೆ ಕೇಳಿದ ಮೇಲೆ ಸಾಹಿತ್ಯದ ಅನುವಾದವನ್ನು ಓದಿ, ಮತ್ತೊಮ್ಮೆ ಕೇಳಿ. ಬೆಲ್ಜಿಯಂನ ಸ್ತ್ರೊಮಾಯ್ 2010ರಲ್ಲಿ ಯುರೋಪಿನ ಹಲವು ದೇಶಗಳನ್ನು ಕುಣಿಸಿದ ‘ಆಲೊರ್ ಓ ದಾನ್ಸ್’ ಹಾಡು ಈ ಪ್ರಯೋಗಕ್ಕೆ ಹೇಳಿ ಮಾಡಿಸಿದಂತಿದೆ. ಕೇಳಿದರೆ ಪಾರ್ಟಿಯ ಹಾಡು. ಓದಿದರೆ ಓದು, ಕೆಲಸ, ಹಣ, ಖರ್ಚು, ಸಾಲ ಎಂದು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬರುವ ಬದುಕಿನ ಬವಣೆಯ ಪಟ್ಟಿ, ಹಾಗಾಗಿ ಕುಣಿಯುತ್ತೇವೆ ಎಂಬ ಪಲ್ಲವಿ.

ಆಮೇಲೆ 1967ರ ಕ್ಲೋದ್ ಫ್ರಾನ್ಸ್ವಾ ಅವರ ‘ಕೊಮ್ ದಾಬಿತ್ಯೂದ್’ ಕೇಳಿ. ಮೊದಲ ಸಾಲಿಗೇ ‘ಇದು ಫ್ರಾಂಕ್ ಸಿನಾತ್ರಾ ಹಾಡಿದ “ಮೈ ವೇ” ಅಲ್ಲವೇ’ ಎಂದು ಬೆರಗಾಗುತ್ತೀರಿ. ಧಾಟಿ ಅದೇ, ಪಾಲ್ ಆಂಕಾ ಅದಕ್ಕೆ ಹೊಸದಾಗಿ ಇಂಗ್ಲಿಷ್ ಸಾಹಿತ್ಯ ಬರೆದರು. ಇಂಗ್ಲಿಷಿನಲ್ಲಿ ಬಾಳಿನ ಕೊನೆಯಲ್ಲಿ ನಿಂತವನೊಬ್ಬ ನನ್ನಿಚ್ಛೆಯಂತೆಯೇ ಬದುಕಿದೆ ಎಂದು ಎದೆ ತಟ್ಟಿಕೊಳ್ಳುತ್ತಾನೆ. ಫ್ರೆಂಚ್ ಶೀರ್ಷಿಕೆಯ ಅರ್ಥ ‘ಎಂದಿನಂತೆ’. ಅಲ್ಲಿರುವುದು ಪ್ರೀತಿ ಆರಿಹೋದ ಒಂದು ಜೋಡಿಯ ದಿನಚರಿ: ಅವನು ಏಳುತ್ತಾನೆ, ಅವಳು ಏಳುವುದಿಲ್ಲ; ಎಂದಿನಂತೆ ಅವಳಿಗೆ ಹೊದಿಸುತ್ತಾನೆ; ಒಬ್ಬನೇ ಕಾಫಿ ಕುಡಿದು ಹೊರಡುತ್ತಾನೆ; ದಿನವಿಡೀ ಚೆನ್ನಾಗಿರುವಂತೆ ನಟಿಸಿ, ರಾತ್ರಿ ಮರಳಿ, ಆ ತಣ್ಣನೆಯ ದೊಡ್ಡ ಹಾಸಿಗೆಯಲ್ಲಿ ಮತ್ತೆ ನಟಿಸುತ್ತಾನೆ. ಧಾಟಿ ಮೇಲೇರುವ ಕಡೆ ಇಂಗ್ಲಿಷಿನಲ್ಲಿ ಗರ್ವ ಕೇಳಿಸಿದರೆ, ಫ್ರೆಂಚ್‌ನಲ್ಲಿ ಕೇಳಿಸುವುದು ಕಟ್ಟಿಟ್ಟ ಅಳು.